ಮೊದಲು ಗಾಯ, ಆಮೇಲೆ ಗುರುತು: ಆಸ್ಪತ್ರೆಯೊಳಗೆ ಪೊಲೀಸ್‌ಗಿರಿ ಬೇಡ ಅನ್ನುವವರಿಗೆ

ಕಳೆದ ಕಾಫಿ ಕೊಯ್ಲಿನ ಹೊತ್ತಿಗೆ, ಜನವರಿ ಕೊನೆಯಲ್ಲಿ, ಒಬ್ಬ ಹುಡುಗನನ್ನು ಮೇಸ್ತ್ರಿ ಜೀಪಿನಲ್ಲಿ ಹಾಕಿಕೊಂಡು ಬಂದ. ಅಸ್ಸಾಮಿನವನು. ಸೌದೆ ಕಡಿಯುವಾಗ ಕತ್ತಿ ಜಾರಿ ಮೊಣಕಾಲಿನ ಕೆಳಗೆ ಬಿದ್ದಿತ್ತು. ನಾಲ್ಕು ದಿನದ ಗಾಯ. ಅರಿಶಿನ, ಕಾಫಿ ಪುಡಿ ಎಲ್ಲ ಮೆತ್ತಿ ಹಳೆ ಲುಂಗಿ ಬಟ್ಟೆ ಸುತ್ತಿದ್ದರು. ಬಿಚ್ಚಿದಾಗ ಕೀವಿನ ವಾಸನೆ ಕಾರಿಡಾರಿನವರೆಗೂ ಬಂತು. "ಯಾಕಪ್ಪಾ ಇಷ್ಟು ದಿನ ಇಟ್ಕೊಂಡ್ರಿ?" ಅಂತ ಮೇಸ್ತ್ರಿಗೆ ಬೈದೆ. ಅವನು ಹೇಳಿದ್ದು ಕೇಳಿ ಮುಂದಿನ ಬೈಗುಳ ಬಾಯಲ್ಲೇ ಉಳಿಯಿತು. ಹುಡುಗ ಮೊದಲ ದಿನವೇ ಕುಂಟುತ್ತಾ ಆಸ್ಪತ್ರೆ ಗೇಟಿನವರೆಗೆ ಬಂದಿದ್ದನಂತೆ. ಅಲ್ಲಿ ಪೊಲೀಸ್ ಜೀಪ್ ನಿಂತಿತ್ತು. ನೋಡಿ ವಾಪಸ್ ತೋಟದ ಕೂಲಿಗಳ ಲೈನ್ ಮನೆಗೆ ಹೋಗಿಬಿಟ್ಟ.

ಆ ಜೀಪ್ ಇವನಿಗಾಗಿ ಬಂದಿರಲಿಲ್ಲ. ಯಾವುದೋ ಬೈಕ್ ಆಕ್ಸಿಡೆಂಟ್ ಕೇಸಿನ ಹೇಳಿಕೆ ತಗೊಳ್ಳೋಕೆ ಬಂದಿತ್ತು. ಇವನು ಕದ್ದವನಲ್ಲ, ಹೊಡೆದವನಲ್ಲ. ಆದರೂ ಹೆದರಿದ. ನನ್ನನ್ನು ಇನ್ನೂ ಜಾಸ್ತಿ ಚುಚ್ಚಿದ್ದು ಬೇರೆ. ನಾಲ್ಕನೇ ದಿನ ಅವನು ಒಳಗೆ ಬಂದಾಗ ಚೀಟಿ ಕೌಂಟರಿನಲ್ಲಿ ನಮ್ಮವರು ಕೇಳಿದ ಮೊದಲ ಮಾತು "ಆಧಾರ್ ಎಲ್ಲಿ?" ಎರಡನೇ ಮಾತು "ಯಾವ ತೋಟ? ಯಾರ ಹತ್ರ ಕೆಲಸ?" ಕಾಲಿಗೆ ಏನಾಯ್ತು ಅನ್ನೋದು ಮೂರನೆಯದು. ಅಲ್ಲಿ ಕಾಕಿ ಹಾಕಿದವರು ಯಾರೂ ಇರಲಿಲ್ಲ. ನಾವೇ ಇದ್ದೆವು.

ನಾನು ದಕ್ಷಿಣ ಕೊಡಗಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ನರ್ಸ್. ಈಗ ಕಾಗದದಲ್ಲಿ ನರ್ಸಿಂಗ್ ಆಫೀಸರ್ ಅಂತ ಬರೀತಾರೆ, ಕರೆಯೋದು ಸಿಸ್ಟರ್ ಅಂತಲೇ. ಹೋರಾಟಗಾರ್ತಿ ಏನಲ್ಲ. ಆ ಹುಡುಗನ ಕಾಲು ಉಳಿಯಿತು, ಆದರೆ ಆ ನಾಲ್ಕು ದಿನ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಆಮೇಲೆ ನಾವು ಏಳೆಂಟು ಜನ ಸೇರಿ ಏನು ಮಾಡಿದೆವು, ಎಲ್ಲಿ ಎಡವಿದೆವು ಅಂತ ಬರೀತಿದ್ದೇನೆ. ನಿಮ್ಮ ಆಸ್ಪತ್ರೆಯಲ್ಲೂ ಮಾಡಬೇಕು ಅನ್ನಿಸಿದರೆ ಉಪಯೋಗಕ್ಕೆ ಬರಲಿ.

ಪೊಲೀಸರಿಂದ ಶುರು ಮಾಡಬೇಡಿ

ನಮ್ಮ ಮೊದಲ ತಪ್ಪು ಇದೇ. ಕಿರಿಯ ನರ್ಸ್ ಒಬ್ಬಳು ಪೊಲೀಸ್ ಜೀಪಿನ ಚಿತ್ರ ಬರೆದು ಅದರ ಮೇಲೆ ಕೆಂಪು ಗೀಟು ಎಳೆದು ಗೋಡೆಗೆ ಅಂಟಿಸಿದಳು. ಮಧ್ಯಾಹ್ನದೊಳಗೆ ಡಾಕ್ಟರಿಗೆ ಫೋನ್ ಬಂತು, ಸಂಜೆಗೆ ಪೋಸ್ಟರ್ ಹೋಯಿತು. ಅವಳಿಗೆ ಮೆಮೊ ಬರುವುದು ಸ್ವಲ್ಪದರಲ್ಲಿ ತಪ್ಪಿತು. ಎರಡು ತಿಂಗಳು ಯಾರೂ ಆ ಮಾತೇ ಎತ್ತಲಿಲ್ಲ.

ಆಮೇಲೆ ಬೇರೆ ದಾರಿ ಹಿಡಿದೆವು. ಒಂದು ನೂರು ಪುಟದ ನೋಟ್‌ಬುಕ್ ತಗೊಂಡು ಹದಿನೈದು ದಿನ ನಮ್ಮ ಬಾಯನ್ನೇ ಬರೆದುಕೊಂಡೆವು. ಚಿಕಿತ್ಸೆಗೆ ಬೇಕಿಲ್ಲದ ಪ್ರಶ್ನೆ ಯಾರು ಕೇಳಿದರು, ಯಾವ ಜಾಗದಲ್ಲಿ, ಕೇಳಿದ ಮೇಲೆ ರೋಗಿ ಏನು ಮಾಡಿದ, ಇಷ್ಟೇ. ರೋಗಿಯ ಹೆಸರು ಬೇಡ, ಹಾಡಿಯ (ಆದಿವಾಸಿಗಳ ಕೇರಿಯ) ಹೆಸರು ಬೇಡ, ತೋಟದ ಹೆಸರು ಬೇಡ. ಪುಸ್ತಕ ಯಾರ ಕೈಗೆ ಸಿಕ್ಕರೂ ಒಬ್ಬರಿಗೂ ತೊಂದರೆ ಆಗಬಾರದು.

ಓದಿದರೆ ನಾಚಿಕೆ ಆಗುತ್ತಿತ್ತು. "ಕುಡಿದಿದ್ದೀಯಾ?" ಅಂತ ಎರವ ಆದಿವಾಸಿ ಹೆಂಗಸಿಗೆ ಕೇಳಿದ್ದು ಡ್ರೆಸ್ಸಿಂಗ್ ರೂಮಿನಲ್ಲಿ. ಅವಳಿಗೆ ಜ್ವರ ಇತ್ತು. "ಮದುವೆ ಆಗಿದ್ಯಾ?" ಅಂತ ಹೊಟ್ಟೆನೋವಿನ ಹುಡುಗಿಗೆ ಕೇಳಿದ್ದು ಎಲ್ಲರ ಎದುರಿಗೆ. "ಬಾಂಗ್ಲಾದವನಾ?" ಅಂತ ಕೇಳಿದವರು ನಾನು ತುಂಬ ಗೌರವಿಸುವ ಒಬ್ಬ ಹಿರಿಯರು. ಕುಡಿತ ಕೇಳಬಾರದು ಅಂತಲ್ಲ, ಔಷಧಿ ಕೊಡೋಕೆ ಬೇಕಾಗುತ್ತದೆ. ಆದರೆ "ಊಟ ಆಯ್ತಾ, ಏನಾದ್ರೂ ಕುಡಿದಿದ್ರೆ ಹೇಳವ್ವಾ, ಈ ಮಾತ್ರೆ ಜೊತೆ ಆಗಲ್ಲ" ಅಂದರೆ ಅದು ನರ್ಸಿನ ಪ್ರಶ್ನೆ. ಇನ್ನೊಂದು ಸ್ಟೇಷನ್ನಿನ ಪ್ರಶ್ನೆ. ವ್ಯತ್ಯಾಸ ರೋಗಿಗೆ ತಕ್ಷಣ ಗೊತ್ತಾಗುತ್ತದೆ.

ಆ ನೋಟ್‌ಬುಕ್ ಹಿಡಿದುಕೊಂಡು ಡಾಕ್ಟರ್ ಹತ್ತಿರ ಹೋದಾಗ ಕೆಲಸ ಸಲೀಸಾಯಿತು. ಬೇರೆಯವರ ಮೇಲೆ ದೂರು ತಂದಿರಲಿಲ್ಲವಲ್ಲ.

ಯಾವುದು ಹೇಳಲೇಬೇಕು, ಯಾವುದು ಬೇಡ

ಇದನ್ನು ಓದಿಕೊಳ್ಳದೆ ಒಂದು ಹೆಜ್ಜೆಯೂ ಇಡಬೇಡಿ. "ಪೊಲೀಸರಿಗೆ ಏನೂ ಹೇಳಲ್ಲ" ಅಂತ ಘೋಷಣೆ ಹಾಕಿದರೆ ಕೆಲಸ ಕಳೆದುಕೊಳ್ಳುತ್ತೀರಿ, ಅದು ಸರಿಯೂ ಅಲ್ಲ. ಹೆಂಡತಿಗೆ ಹೊಡೆದು ಕರೆತಂದವನು ಪಕ್ಕದಲ್ಲೇ ನಿಂತು "ಜಾರಿ ಬಿದ್ಲು" ಅಂದಾಗ ಎಂಎಲ್‌ಸಿ (ಮೆಡಿಕೊ ಲೀಗಲ್ ಕೇಸ್, ಪೊಲೀಸರಿಗೆ ತಿಳಿಸಬೇಕಾದ ಕೇಸ್) ಬರೆಯಲೇಬೇಕು.

ಎಂಎಲ್‌ಸಿ ಅಂದರೆ ತಿಳಿಸುವುದು. ವಿಚಾರಣೆ ನಮ್ಮ ಕೆಲಸ ಅಲ್ಲ. ರಿಜಿಸ್ಟರಿನಲ್ಲಿ ಬರೆದು ಸ್ಟೇಷನ್‌ಗೆ ಇಂಟಿಮೇಷನ್ ಕಳಿಸಿದರೆ ನಮ್ಮ ಪಾಲಿನದು ಮುಗಿಯಿತು. ಅದಕ್ಕೂ ಮೊದಲು ಚಿಕಿತ್ಸೆ. 1989ರಲ್ಲೇ ಸುಪ್ರೀಂ ಕೋರ್ಟ್ ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿದೆ: ಜೀವ ಉಳಿಸುವುದು ಮೊದಲು, ಪೊಲೀಸ್ ಕಾಗದ ಆಮೇಲೆ. ನಮ್ಮ ಕಡೆ ಇನ್ನೂ "ಎಂಎಲ್‌ಸಿ ಕೇಸ್, ದೊಡ್ಡಾಸ್ಪತ್ರೆಗೆ ಹೋಗಿ" ಅಂತ ಮಡಿಕೇರಿಗೋ ಮೈಸೂರಿಗೋ ಅಟ್ಟುವವರಿದ್ದಾರೆ. ಮಳೆಗಾಲದಲ್ಲಿ ಆ ರಸ್ತೆಯಲ್ಲಿ ಎಷ್ಟು ಹೊತ್ತಾಗುತ್ತೆ ಅಂತ ಅವರಿಗೇ ಗೊತ್ತು.

ಗಾಯಾಳುವನ್ನು ತಂದ ಜೀಪ್ ಡ್ರೈವರನ್ನು ಹಿಡಿದು ಕೂರಿಸಬೇಡಿ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 134ಎ ಕಲಂ ಅಪಘಾತದಲ್ಲಿ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ಹೆಸರು ಹೇಳುವುದು ಬಿಡುವುದು ಅವನಿಷ್ಟ. ಒಮ್ಮೆ ಕೂರಿಸಿದರೆ ಆ ಡ್ರೈವರ್ ಮುಂದಿನ ಸಲ ದಾರಿಯಲ್ಲಿ ಬಿದ್ದವನನ್ನು ನೋಡಿ ಗಾಜು ಏರಿಸಿಕೊಂಡು ಹೋಗುತ್ತಾನೆ, ಅಲ್ವಾ?

ವಿಷ ಕುಡಿದು ಬಂದವರ ವಿಷಯ ಇನ್ನೂ ಸೂಕ್ಷ್ಮ. ತೋಟಗಳಲ್ಲಿ ಕೀಟನಾಶಕ, ಕಳೆನಾಶಕ ಕೈಗೆ ಸಿಗುವಂತೆ ಇಟ್ಟಿರುತ್ತಾರೆ. ಬದುಕಿ ಬಂದವರಿಗೆ "ಕೇಸ್ ಆಗುತ್ತೆ ನೋಡು" ಅಂತ ಹೆದರಿಸುವ ಅಭ್ಯಾಸ ನಮ್ಮಲ್ಲಿತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ತಿಳಿಯಬೇಕು, ಶಿಕ್ಷಿಸಬಾರದು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆ ಯತ್ನವನ್ನು ಅಪರಾಧ ಅನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಂ ಇಲ್ಲವೇ ಇಲ್ಲ. ಈಗ ನಮ್ಮ ವಾರ್ಡಿನಲ್ಲಿ ಹೇಳುವ ಮಾತು: "ಬದುಕಿದ್ರಲ್ಲ, ಅದೇ ದೊಡ್ಡದು. ರಾತ್ರಿ ಏನಾದ್ರೂ ಅನ್ನಿಸಿದ್ರೆ ನನ್ನ ಕರೀರಿ." ಮನೆಗೆ ಕಳಿಸುವಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಚೀಟಿಯ ಹಿಂದೆ ಬರೆದುಕೊಡುತ್ತೇವೆ.

ಅತ್ಯಾಚಾರಕ್ಕೆ ಒಳಗಾದವರಿಗೆ ತಕ್ಷಣ, ಉಚಿತವಾಗಿ ಚಿಕಿತ್ಸೆ ಕೊಡಬೇಕು. ಸರ್ಕಾರಿ ಆಸ್ಪತ್ರೆ, ಖಾಸಗಿ ಆಸ್ಪತ್ರೆ ಎರಡಕ್ಕೂ ಇದು ಅನ್ವಯ. ಪೊಲೀಸರಿಗೆ ತಿಳಿಸಬೇಕು, ನಿಜ. ಆದರೆ ಎಫ್‌ಐಆರ್ ತನ್ನಿ ಅಂತ ಬಾಗಿಲಲ್ಲಿ ನಿಲ್ಲಿಸುವಂತಿಲ್ಲ.

ಹಾಡಿಗಳಿಂದ ಬರುವ ಹದಿನಾರು, ಹದಿನೇಳರ ಬಸುರಿ ಹುಡುಗಿಯರ ವಿಷಯದಲ್ಲಿ ನನಗೆ ಇನ್ನೂ ನಿದ್ದೆ ಬರುವುದಿಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ತಿಳಿಸಲೇಬೇಕು, ತಿಳಿಸದಿದ್ದರೆ ನಮಗೇ ಶಿಕ್ಷೆ. ತಿಳಿಸಿದರೆ ಗಂಡ ಅಂತ ಇರುವ ಹುಡುಗ ಜೈಲಿಗೆ, ಮುಂದಿನ ಹುಡುಗಿ ಆಸ್ಪತ್ರೆಗೇ ಬರದೆ ಗುಡಿಸಲಲ್ಲಿ ಹೆರುತ್ತಾಳೆ. ಇದಕ್ಕೆ ನನ್ನ ಹತ್ತಿರ ಉಪಾಯ ಇಲ್ಲ. ಒಂದು ಸಣ್ಣ ಕಿಂಡಿ ಮಾತ್ರ ಇದೆ. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್, ಗರ್ಭಪಾತಕ್ಕೆ ಬಂದ ಅಪ್ರಾಪ್ತೆ ಮತ್ತು ಅವಳ ಪಾಲಕರು ಕೋರಿದರೆ ಡಾಕ್ಟರ್ ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಗುರುತು ಹೇಳಬೇಕಿಲ್ಲ ಎಂದಿತು. ಇದನ್ನು ನಿಮ್ಮ ಡಾಕ್ಟರಿಗೆ ತೋರಿಸಿ. ಎಷ್ಟೋ ಜನರಿಗೆ ಗೊತ್ತಿಲ್ಲ.

ಕೈಕೋಳ ಹಾಕಿಕೊಂಡು ಬಂದವನು

ಬಂಧಿಸಿದವರನ್ನು ತಪಾಸಣೆಗೆ ತಂದಾಗ ಗಡಿಬಿಡಿ ಜಾಸ್ತಿ. "ಬೇಗ ಒಂದು ಸೈನ್ ಹಾಕಿ ಸಿಸ್ಟರ್, ಮ್ಯಾಜಿಸ್ಟ್ರೇಟ್ ಹತ್ರ ಹೋಗ್ಬೇಕು" ಅಂತಾರೆ. ಇಲ್ಲಿ ಡಾಕ್ಟರ್ ಗಟ್ಟಿ ನಿಲ್ಲಬೇಕು, ಡಾಕ್ಟರ್ ಹಿಂದೆ ನಾವು ನಿಲ್ಲಬೇಕು.

ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 53ನೇ ಕಲಂ ಹೇಳುವುದು ಸರಳ. ಬಂಧನವಾದ ಕೂಡಲೇ ತಪಾಸಣೆ ಆಗಬೇಕು, ಗಾಯ ಮತ್ತು ಹಿಂಸೆಯ ಗುರುತು ಎಲ್ಲ ಬರೆಯಬೇಕು, ಅವು ಸುಮಾರು ಯಾವಾಗ ಆದವು ಅಂತಲೂ ಬರೆಯಬೇಕು, ಒಂದು ಪ್ರತಿ ಆ ವ್ಯಕ್ತಿಗೆ ಅಥವಾ ಅವನು ಹೇಳಿದವರಿಗೆ ಕೊಡಬೇಕು. ಹೆಂಗಸಾದರೆ ಮಹಿಳಾ ಡಾಕ್ಟರ್ ನೋಡಬೇಕು, ಇಲ್ಲವೇ ಅವರ ಉಸ್ತುವಾರಿಯಲ್ಲಿ ಆಗಬೇಕು. ನಾವು ಮಾಡುವುದು ಇಷ್ಟು: ಪರದೆ ಎಳೆಯುತ್ತೇವೆ, ಅಂಗಿ ಬಿಚ್ಚಿಸಿ ಬೆನ್ನು ನೋಡುತ್ತೇವೆ, ಪಾದದ ಅಡಿ ನೋಡುತ್ತೇವೆ, ಅವನು ಹೇಳಿದ್ದನ್ನು ಅವನ ಮಾತಿನಲ್ಲೇ ಬರೆಯುತ್ತೇವೆ. ಪೊಲೀಸರು ಕಾಣುವಷ್ಟು ದೂರದಲ್ಲಿರಲಿ, ಕೇಳಿಸುವಷ್ಟು ಹತ್ತಿರ ಬೇಡ.

ಮೊದಲ ಸಲ ಇದನ್ನು ಹೇಳಿದಾಗ ನನ್ನ ಕಾಲು ನಡುಗುತ್ತಿತ್ತು.

"ಸಾರ್, ನೀವು ಹೊರಗೆ ಬೆಂಚಲ್ಲಿ ಕೂತ್ಕೊಳ್ಳಿ. ಕಾಫಿ ಕಳಿಸ್ತೀನಿ."

"ಓಡಿ ಹೋದ್ರೆ ಯಾರು ಜವಾಬ್ದಾರಿ ಸಿಸ್ಟರ್?"

"ಸೊಂಟದ ಮೂಳೆ ಮುರಿದಿದೆ ಸಾರ್. ಎಲ್ಲಿಗೆ ಓಡ್ತಾನೆ?"

ಆ ಹೆಡ್ ಕಾನ್‌ಸ್ಟೆಬಲ್ ನಕ್ಕುಬಿಟ್ಟರು. ಕಾಫಿಯನ್ನೂ ಕುಡಿದರು.

ಹಾಸಿಗೆಗೆ ಕೈಕೋಳ ಹಾಕಿ ಕಟ್ಟುವ ವಿಷಯಕ್ಕೆ ಒಂದು ಹಳೆಯ ಕಥೆ ಇದೆ, ಅದೂ ನಮ್ಮ ತೋಟದ ಹುಡುಗರ ಅಸ್ಸಾಮಿನದು. ಪತ್ರಕರ್ತ ಕುಲದೀಪ್ ನಯ್ಯರ್ ಗುವಾಹಟಿಯ ಆಸ್ಪತ್ರೆಯಲ್ಲಿ ಟಾಡಾ (ಆಗಿನ ಭಯೋತ್ಪಾದನೆ ತಡೆ ಕಾಯ್ದೆ) ಕೈದಿಗಳನ್ನು ಹಾಸಿಗೆಗೆ ಕೈಕೋಳ ಹಾಕಿ ಕಟ್ಟಿದ್ದನ್ನು ನೋಡಿ ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. ಕೋರ್ಟ್ ಆ ಪತ್ರವನ್ನೇ ಅರ್ಜಿ ಅಂತ ತಗೊಂಡಿತು. 1995ರಲ್ಲಿ, ಇದು ಕಾನೂನಿಗೆ ವಿರುದ್ಧ ಅಂತ ತೀರ್ಪು ಬಂತು. ಹೊಸ ಸಂಹಿತೆ ಕೆಲವು ಗಂಭೀರ ಅಪರಾಧಗಳಲ್ಲಿ, ಬಂಧಿಸುವಾಗ ಮತ್ತು ಕೋರ್ಟಿಗೆ ಹಾಜರುಪಡಿಸುವಾಗ, ಕೈಕೋಳಕ್ಕೆ ಅವಕಾಶ ಕೊಟ್ಟಿದೆ. ಮಂಚಕ್ಕೆ ಕಟ್ಟುವ ಮಾತು ಅದರಲ್ಲಿ ಬಂದಿಲ್ಲ. ಒಂದು ಪತ್ರದಿಂದ ಇಷ್ಟಾಯಿತು ಅಂತ ನಮ್ಮ ಹುಡುಗಿಯರಿಗೆ ಹೇಳಿದಾಗ ಅವರ ಮುಖ ನೋಡಬೇಕಿತ್ತು.

ಸ್ಟೇಷನ್‌ಗೆ ಹೋಗುವಾಗ

ಹೋಗಲೇಬೇಕು, ಆದರೆ ಒಬ್ಬರೇ ಬೇಡ, ಜಗಳ ನಡೆದ ಮಾರನೇ ದಿನವೂ ಬೇಡ. ಸುಮ್ನೆ ಇರುವ ಒಂದು ವಾರ ನೋಡಿ ಡಾಕ್ಟರ್ ಜೊತೆ ಹೋಗಿ. ನಾವು ಕೇಳಿದ್ದು ಎರಡೇ: ಜೀಪ್ ಗೇಟಿನ ಮುಂದೆ ಬೇಡ, ಪಕ್ಕದ ಶೆಡ್ಡಿನ ಹಿಂದೆ ನಿಲ್ಲಿಸಿ, ಹೇಳಿಕೆ ತಗೊಳ್ಳೋಕೆ ವಾರ್ಡಿಗೆ ಬರುವ ಮುಂಚೆ ಡ್ಯೂಟಿ ಡಾಕ್ಟರನ್ನು ಕೇಳಿ. ಜೀಪಿನ ಮಾತು ಅಲ್ಲೇ ಒಪ್ಪಿದರು. ಎರಡನೆಯದು ಈಗಲೂ ಅಧಿಕಾರಿ ಬದಲಾದಾಗಲೆಲ್ಲ ಮರೆತುಹೋಗುತ್ತದೆ, ಮತ್ತೆ ಹೋಗಿ ಹೇಳಬೇಕು.

ಬರಹದಲ್ಲಿ ಕೊಡುವುದಿದ್ದರೆ ಮೇಲಧಿಕಾರಿಗಳ ಮೂಲಕವೇ ಕೊಡಿ. ಸರ್ಕಾರಿ ನೌಕರರಿಗೆ ನಡತೆ ನಿಯಮ ಇದೆ, ಪತ್ರಿಕೆಗೆ ನೇರ ಹೇಳಿಕೆ ಕೊಟ್ಟು ಸಿಕ್ಕಿಬೀಳಬೇಡಿ. ಇನ್ನೊಂದು ಮಾತು. ಮೊದಲ ಸಹಿ ಕಾಯಂ ನೌಕರರದ್ದಿರಲಿ. ಗುತ್ತಿಗೆಯ ಹುಡುಗಿಯರನ್ನು, ಆಶಾ ಅಕ್ಕಂದಿರನ್ನು ಮುಂದೆ ತಳ್ಳಬೇಡಿ. ಅವರ ಕೆಲಸ ಹೋಗೋಕೆ ಒಂದು ಫೋನ್ ಸಾಕು.

ನಮಗೆ ಹೊಡೆಯೋಕೆ ಬಂದಾಗ?

ಈ ಪ್ರಶ್ನೆ ಪ್ರತಿ ಸಭೆಯಲ್ಲೂ ಬರುತ್ತದೆ, ಬರಲೇಬೇಕು. ಒಂದು ರಾತ್ರಿ ಸತ್ತವರ ಕಡೆಯವರು ನಮ್ಮ ಕ್ಯಾಶುಯಾಲ್ಟಿಯ ಕುರ್ಚಿ ಮುರಿದಾಗ ನಾನು ಔಷಧಿ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಪೊಲೀಸರಿಗೇ ಫೋನ್ ಮಾಡಿದ್ದು. ಕೈ ಎತ್ತಿದರೆ ಕರೆಯಿರಿ, ಸಂಕೋಚ ಬೇಡ. 2009ರಿಂದ ಕರ್ನಾಟಕದಲ್ಲಿ ವೈದ್ಯಕೀಯ ಸಿಬ್ಬಂದಿ ಮೇಲಿನ ಹಲ್ಲೆಗೆ ಪ್ರತ್ಯೇಕ ಕಾಯ್ದೆಯೇ ಇದೆ.

ಆದರೆ ಬಾಗಿಲಲ್ಲಿ ಕಾಕಿ ನಿಲ್ಲಿಸಿದರೆ ಎಲ್ಲ ಸರಿ ಹೋಗುತ್ತೆ ಅನ್ನೋದನ್ನು ನಾನು ಒಪ್ಪುವುದಿಲ್ಲ. 2024ರ ಆಗಸ್ಟಿನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಆ ಡಾಕ್ಟರ್ ಹುಡುಗಿಯ ಕೊಲೆಯಾಯಿತು. 2025ರ ಜನವರಿಯಲ್ಲಿ ಶಿಕ್ಷೆಯಾದದ್ದು ಪೊಲೀಸರ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಸಿವಿಕ್ ವಾಲಂಟಿಯರ್‌ಗೆ. ನಮ್ಮಲ್ಲಿ ಗಲಾಟೆ ಕಡಿಮೆ ಮಾಡಿದ್ದು ತೀರಾ ಸಣ್ಣ ವಿಷಯಗಳು. ರಾತ್ರಿ ಡ್ಯೂಟಿಗೆ ಇಬ್ಬರು. ಲ್ಯಾಬಿಗೆ ಹೋಗುವ ದಾರಿಗೆ ಲೈಟು. ಒಳಗಿನಿಂದ ಚಿಲಕ ಇರುವ ರೆಸ್ಟ್ ರೂಮ್. ಸೀರಿಯಸ್ ರೋಗಿ ಇದ್ದಾಗ ಅರ್ಧ ಗಂಟೆಗೊಮ್ಮೆ ಯಾರಾದರೂ ಒಬ್ಬರು ಹೊರಗೆ ಹೋಗಿ ಮನೆಯವರಿಗೆ ಹೇಳುವುದು. ಹೊಸ ಸುದ್ದಿ ಇಲ್ಲದಿದ್ದರೆ "ಇನ್ನೂ ಹಾಗೇ ಇದ್ದಾರೆ, ನೋಡ್ತಾ ಇದ್ದೀವಿ" ಅಂತಾದರೂ. ಕುರ್ಚಿ ಮುರಿದ ರಾತ್ರಿ ಮೂರು ಗಂಟೆ ಯಾರೂ ಹೊರಗೆ ಹೋಗಿ ಅವರ ಜೊತೆ ಮಾತಾಡಿರಲಿಲ್ಲ.

ಶಾಂತಿ ಅನ್ನೋದು ನಮ್ಮೂರಲ್ಲಿ ಹೇಗೆ

ನನ್ನ ಚಿಕ್ಕಮ್ಮನ ಮಗಳು ಇಂಗ್ಲೆಂಡಿನಲ್ಲಿ ನರ್ಸ್. ಅಲ್ಲಿ ಆಸ್ಪತ್ರೆಯ ದಾಖಲೆಯಿಂದ ವಲಸಿಗರ ವಿಳಾಸ ಗೃಹ ಇಲಾಖೆಗೆ ಹೋಗಲು 2017ರಲ್ಲಿ ಒಪ್ಪಂದ ಆಗಿತ್ತಂತೆ. ಡಾಕ್ಟರ್, ನರ್ಸ್‌ಗಳು "ನಾವು ಪೊಲೀಸರಲ್ಲ" ಅಂತ ಬೋರ್ಡ್ ಹಿಡಿದು ನಿಂತರು, ಕೋರ್ಟಿಗೆ ಹೋದವರೂ ಇದ್ದರು. 2018ರ ಮೇನಲ್ಲಿ ಸರ್ಕಾರ ಅದನ್ನು ಬಹುಮಟ್ಟಿಗೆ ನಿಲ್ಲಿಸಿತು. ಅದಕ್ಕೂ ಹಿಂದೆ, 1980ರಲ್ಲಿ, ಅಮೆರಿಕದ ಮತ್ತು ರಷ್ಯಾದ ಹೃದಯ ಡಾಕ್ಟರುಗಳು ಸೇರಿ ಅಣುಯುದ್ಧ ಬೇಡ ಅಂತ ಸಂಘ ಕಟ್ಟಿದರು. 1985ರಲ್ಲಿ ಅದಕ್ಕೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಇಷ್ಟು ಕೇಳಿದ ಮೇಲೆ ನಮ್ಮ ಸಭೆಯಲ್ಲಿ ಒಬ್ಬರು, "ನಮ್ಮೂರಲ್ಲಿ ಅಣುಬಾಂಬ್ ಇಲ್ಲ ಅಕ್ಕ, ಕೋವಿ ಇದೆ" ಅಂದರು.

ಸರಿಯಾದ ಮಾತು. ಕೊಡವರಿಗೂ ಜಮ್ಮಾ (ಕೊಡಗಿನ ಹಳೆಯ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಕೋವಿಗೆ ಲೈಸನ್ಸ್ ವಿನಾಯಿತಿ ಇದೆ. ಕೈಲ್‌ಪೊಳ್ದ್‌ಗೆ ಕೋವಿಗೆ ಪೂಜೆ, ಪುತ್ತರಿ ಹಬ್ಬಕ್ಕೆ ಗುಂಡಿನ ಸದ್ದು. ಅದು ಮರ್ಯಾದೆಯ ವಸ್ತು, ಅದರ ಬಗ್ಗೆ ಭಾಷಣ ಬಿಗಿದರೆ ಯಾರೂ ಕೇಳಲ್ಲ. ಆದರೆ ಆತ್ಮಹತ್ಯೆಗೆ ಯತ್ನಿಸಿದವರನ್ನು ಮನೆಗೆ ಕಳಿಸುವ ದಿನ ನಾವು ಮನೆಯ ಹಿರಿಯರನ್ನು ಪಕ್ಕಕ್ಕೆ ಕರೆದು ಕೇಳುತ್ತೇವೆ: "ಕೋವಿ ಎಲ್ಲಿದೆ? ಬೀಗ ಹಾಕಿ ಕೀ ನಿಮ್ಮ ಹತ್ರ ಇಟ್ಕೊಳ್ಳಿ. ಕಾಟ್ರಿಜ್ ಬೇರೆ ಕಡೆ ಇಡಿ. ವಿಷದ ಡಬ್ಬಿಯೂ ಹಾಗೇ." ಎಲ್ಲೂ ಬರೆದುಕೊಳ್ಳುವುದಿಲ್ಲ, ಯಾರಿಗೂ ವರದಿ ಮಾಡುವುದಿಲ್ಲ ಅಂತಲೂ ಹೇಳುತ್ತೇವೆ. ಇದುವರೆಗೆ ಯಾರೂ ಸಿಟ್ಟಾಗಿಲ್ಲ.

ಗಲಾಟೆಯ ದಿನಕ್ಕೂ ಮೊದಲೇ ಮಾತಾಡಿಕೊಂಡಿರಬೇಕು. 2015ರ ನವೆಂಬರಿನಲ್ಲಿ ಟಿಪ್ಪು ಜಯಂತಿಯ ಹೊತ್ತಿಗೆ ಮಡಿಕೇರಿಯಲ್ಲಿ ಆದ ಗಲಭೆ ಜಿಲ್ಲೆಯವರಿಗೆಲ್ಲ ನೆನಪಿದೆ. ನಾವು ಮಾಡಿಕೊಂಡ ನಿಯಮ: ಎರಡೂ ಕಡೆಯ ಗಾಯಾಳುಗಳಿಗೆ ಒಂದೇ ಸಾಲು, ಗಾಯ ದೊಡ್ಡದಿದ್ದವರು ಮೊದಲು. ಕ್ಯಾಶುಯಾಲ್ಟಿಯಲ್ಲಿ ಫೋಟೊ, ವಿಡಿಯೊ ಇಲ್ಲ, ಸಿಬ್ಬಂದಿಗೂ ಇಲ್ಲ. ಗಾಯಾಳುವಿನ ಹೆಸರು ಯಾವ ವಾಟ್ಸಾಪ್ ಗ್ರೂಪಿಗೂ ಹೋಗಬಾರದು. ಬರೀ ಹೆಸರು ಸಾಕು ನೋಡಿ, ಇನ್ನೊಂದು ಊರಲ್ಲಿ ಕಲ್ಲು ಹಾರೋಕೆ.

ಗೋಡೆಯ ಮೇಲೆ ಏನು ಬರೆಯೋದು

ಎರಡನೇ ಪೋಸ್ಟರಿಗೆ ಚಿತ್ರ ಹಾಕಲಿಲ್ಲ. ಕನ್ನಡ, ಮಲಯಾಳಂ, ಹಿಂದಿ, ಅಸ್ಸಾಮಿ, ಬಂಗಾಳಿಯಲ್ಲಿ ಮೂರು ಸಾಲು: "ಇಲ್ಲಿ ಮೊದಲು ಚಿಕಿತ್ಸೆ. ಕಾರ್ಡ್ ಇಲ್ಲದಿದ್ದರೂ ಒಳಗೆ ಬನ್ನಿ. ನೀವು ಹೇಳಿದ್ದು ನಮ್ಮ ಹತ್ತಿರ ಇರುತ್ತದೆ." ಮೂರನೇ ಸಾಲನ್ನು ಡಾಕ್ಟರ್ ಹೊಡೆದು ಹಾಕಿದರು. ಎಂಎಲ್‌ಸಿ ಇದೆಯಲ್ಲ, ಸುಳ್ಳಾಗುತ್ತೆ ಅಂದರು. ಅವರ ಮಾತು ಸರಿ. ಈಗ ಅಲ್ಲಿ "ಪೊಲೀಸರಿಗೆ ತಿಳಿಸಬೇಕಾದರೆ ನಿಮಗೆ ಹೇಳಿಯೇ ತಿಳಿಸುತ್ತೇವೆ" ಅಂತಿದೆ. ಮೊದಲಿನದಕ್ಕಿಂತ ಇದೇ ಗಟ್ಟಿ. ಅಸ್ಸಾಮಿ ಬರೆದುಕೊಟ್ಟಿದ್ದು ಯಾರು ಗೊತ್ತಾ? ಕಾಲಿಗೆ ಕತ್ತಿ ಬಿದ್ದಿದ್ದ ಅದೇ ಹುಡುಗ, ಡ್ರೆಸ್ಸಿಂಗ್‌ಗೆ ಬಂದಾಗ. ಹಾಡಿಗಳಲ್ಲಿ ಪೋಸ್ಟರ್ ನಡೆಯಲ್ಲ. ಅಲ್ಲಿ ಆಶಾ ಅಕ್ಕ ಎರವರ ಮಾತಿನಲ್ಲಿ, ಒಲೆ ಮುಂದೆ ಕೂತು ಹೇಳಬೇಕು.

ಚೀಟಿಯಲ್ಲಿ ಗುರುತಿನ ನಂಬರಿನ ಕಾಲಂ ಇನ್ನೂ ಹಾಗೇ ಇದೆ. ಅದನ್ನು ತೆಗೆಯುವುದು ನಮ್ಮ ಕೈಲಿಲ್ಲ. ಆಭಾ (ಸರ್ಕಾರದ ಆರೋಗ್ಯ ಗುರುತಿನ ನಂಬರ್) ಕಾರ್ಡ್ ಕಡ್ಡಾಯ ಅಲ್ಲ ಅಂತ ಕೌಂಟರಿನ ಹುಡುಗನಿಗೆ ಹೇಳಿದ್ದೇನೆ. ಆದರೂ ಕೌಂಟರಿನ ಕೆಲಸಕ್ಕೆ ಹೊಸ ಹುಡುಗ ಬಂದಾಗಲೆಲ್ಲ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗುತ್ತಾನೆ: "ಸಿಸ್ಟರ್, ಇವ್ರ ಹತ್ರ ಏನೂ ಇಲ್ಲ, ಏನ್ ಹಾಕ್ಲಿ?"

"ಒಂದು ಗೀಟು ಹಾಕು. ಒಳಗೆ ಕಳಿಸು."